ಕೆರೆಗೆ ಸುರಿದ ಮೀನು

"ಗುರುಗಳೇ, ನಾನು ಒಬ್ಬರಿಗೆ ಅನ್ಯಾಯ ಮಾಡಿದ್ದೆ. ಹೋಗಿ ಒಪ್ಪಿಕೊಂಡೆ, ಅವರು ಕ್ಷಮಿಸಿದರು. ಅಲ್ಲಿಗೆ ಅದು ಮುಗಿದಂತೆ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನ ಕೆರೆಯಲ್ಲಿ ಇಬ್ಬರು ಮೀನು ಹಿಡಿಯುತ್ತಿದ್ದರು. ಒಬ್ಬ ಮೀನುಗಾರ; ಹರಿಗೋಲಿನಲ್ಲಿ ಹೋಗಿ ನಡುನೀರಿಗೆ ಬಲೆ ಬೀಸುತ್ತಿದ್ದ. ಇನ್ನೊಬ್ಬಳು ಸಣ್ಣೀರಮ್ಮ ಎಂಬ ವಿಧವೆ. ದಡದ ಜೊಂಡಿನ ನಡುವೆ ಮೊಣಕಾಲುದ್ದ ನೀರಿಗಿಳಿದು, ಕೈಬಲೆಯಲ್ಲಿ ಗೆಂಡೆ ಮೀನು ಹಿಡಿದು, ಒಣಗಿಸಿ ಸಂತೆಯಲ್ಲಿ ಮಾರುತ್ತಿದ್ದಳು.

ಮೀನುಗಾರನಿಗೆ ಇನ್ನಷ್ಟು ಮೀನು ಬೇಕೆನಿಸಿತು. ಊರನ್ನು ಕೇಳದೆ ಕೆರೆಗೆ ಹೊಸದೇನನ್ನೂ ಬಿಡಬಾರದೆಂಬ ಕಟ್ಟಳೆಯಿತ್ತು. ಅವನು ಕೇಳಲಿಲ್ಲ. ದೂರದ ಹೊಂಡದಿಂದ ಒಂದು ಕೊಡ ಜಿಲೇಬಿ ಮೀನಿನ ಮರಿ ತಂದು ಸುರಿದ.

ಅದು ಈ ಸೀಮೆಯ ಮೀನಲ್ಲ. ಗೆಂಡೆ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಜಿಲೇಬಿಯ ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ, ವರ್ಷಕ್ಕೆ ಹಲವು ಸಲ. ನೀರು ಕೆಟ್ಟರೂ ಬದುಕುತ್ತದೆ. ಬೇರೆ ಮೀನಿನ ಮೊಟ್ಟೆ ಸಿಕ್ಕರೆ ತಿನ್ನುತ್ತದೆ. ಮೊದಲೆರಡು ವರ್ಷ ಅವನ ಬಲೆ ತುಂಬಿ ಬಂತು. ಆಮೇಲೆ ಜಿಲೇಬಿಗಳು ಕಿಕ್ಕಿರಿದು, ಅಂಗೈಗಿಂತ ದೊಡ್ಡದಾಗಿ ಒಂದೂ ಬೆಳೆಯಲಿಲ್ಲ. ಗೆಂಡೆ ಅಪರೂಪವಾಯಿತು. ಕೊನೆಗೆ ಕಾಣದಾಯಿತು.

ಹೊಸ ಮೀನು ಮಳೆನೀರಿನೊಂದಿಗೆ ಬಂದಿರಬೇಕೆಂದು ಊರಿನವರು ಅಂದುಕೊಂಡರು. ಗೆಂಡೆ ಹೋದದ್ದಕ್ಕೆ ಮಾತ್ರ ಸಣ್ಣೀರಮ್ಮನ ಬಲೆಯನ್ನು ದೂರಿದರು. ಬಲೆಯ ಕಣ್ಣು ಅಷ್ಟು ಸಣ್ಣದಾದರೆ ಮರಿ ಉಳಿಯುವುದು ಹೇಗೆ ಎಂದರು. ಪಂಚಾಯಿತಿ ಸೇರಿತು. ಕೆರೆ ಬಲ್ಲವನೆಂದು ಮೀನುಗಾರನನ್ನೇ ಕೇಳಿದರು.

"ಇರಬಹುದು," ಎಂದ ಅವನು.

ಅವಳ ಬಲೆಯನ್ನು ಕತ್ತರಿಸಿದರು. ಕೆರೆಗಿಳಿಯಬಾರದೆಂದರು. ಅವಳು ತಂಗಿಯ ಊರಿಗೆ ಹೋಗಿ ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ಸೇರಿದಳು.

ಒಂಬತ್ತು ವರ್ಷ ಆ ಒಂದು ಮಾತು ಅವನನ್ನು ತಿಂದಿತು. ಕಡೆಗೆ ಪಂಚಾಯಿತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹಿರಿಯರು ಬೈದರು, ಆಮೇಲೆ ಬಿಟ್ಟರು. ಅಲ್ಲಿಂದ ನೇರ ಇಟ್ಟಿಗೆ ಗೂಡಿಗೆ ನಡೆದ. ಸಣ್ಣೀರಮ್ಮ ತಲೆಯ ಮೇಲಿನ ಇಟ್ಟಿಗೆ ಇಳಿಸಿ, ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಹೋಗ್ಲಿ ಬಿಡಣ್ಣ. ಬಂದು ಹೇಳಿದೆಯಲ್ಲ, ಸಾಕು," ಎಂದಳು.

ಅವನು ಅತ್ತ. ಊರಿಗೆ ಬಾ, ಇನ್ನು ಯಾರೂ ತಡೆಯುವುದಿಲ್ಲ, ಹೊಸ ಬಲೆಯನ್ನು ನಾನೇ ಹೆಣೆದುಕೊಡುತ್ತೇನೆ ಎಂದ.

"ಗೆಂಡೆ ಇದ್ದಾವಾ ಅಣ್ಣ?" ಎಂದು ಅವಳು ಕೇಳಿದಳು.

ಅವನು ನೆಲ ನೋಡಿದ. ಅವಳು ಇಟ್ಟಿಗೆಯನ್ನು ತಲೆಗೇರಿಸಿಕೊಂಡು ಹೊರಟಳು.

ಮೀನುಗಾರ ಹಿಂದಿರುಗಿ, ಬದುಕಿದ್ದಷ್ಟು ಕಾಲ ಜಿಲೇಬಿ ಹಿಡಿದು ದಡಕ್ಕೆ ಎಸೆದ. ಬಲೆ ಮೇಲೆದ್ದಾಗಲೆಲ್ಲ ತಾಯಿಮೀನುಗಳು ಬಾಯಿ ಬಿಡುತ್ತಿದ್ದವು. ಮರಿಗಳು ಬಲೆಯ ಕಣ್ಣಿನಿಂದ ನುಸುಳಿ ನೀರಿಗೆ ಬೀಳುತ್ತಿದ್ದವು. ಒಂದು ಮಳೆಗಾಲ ಕೆರೆ ಕೋಡಿ ಬಿದ್ದು, ಕೆಳಗಿನ ಮೂರು ಊರಿನ ಕೆರೆಗಳಿಗೂ ಜಿಲೇಬಿ ಇಳಿಯಿತು. ಅಲ್ಲಿಯೂ ಕೈಬಲೆ ಹಿಡಿದು ಬದುಕುವ ಹೆಂಗಸರಿದ್ದರು.

ಗುರು ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆದರೂ ಸಣ್ಣೀರಮ್ಮ ಕ್ಷಮಿಸಿದಳಲ್ಲ ಗುರುಗಳೇ?" ಎಂದ.

"ಕ್ಷಮಿಸಿದಳು. ಮೀನಿಗೆ ಅದು ತಿಳಿಯಲಿಲ್ಲ," ಎಂದರು ಗುರು.