ಒಂದು ಗೆರೆ, ಎರಡು ಮಗ್ಗುಲು

“ಕಡವಿನಕೋಟೆಯ ದೊರೆಗಳ ಅಪ್ಪಣೆ. ರಾಜಕುಮಾರಿ ಮಲ್ಲಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಮಾಲೆ ಹಾಕುತ್ತಾರೆ. ಹೊಳೆ ದಾಟಿಸುವ ಅಷ್ಟೂ ಕಡವುಗಳು ಅವನ ವಶ. ಒಂದು ತಪ್ಪಿದರೂ ತಲೆದಂಡ.”

ಡಂಗುರದವನು ದಂಡೆಗೆ ಬಂದಾಗ ಅಂಬಿಗರ ಬೊಮ್ಮ ಹರಿಗೋಲಿಗೆ ಚರ್ಮ ಹೊಲಿಯುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಸುಂಕದ ಅಧಿಕಾರಿಯೊಬ್ಬ ಅಂಬಿಗ ಬೇಡವೆಂದರೂ ಕೇಳದೆ ದೊಡ್ಡ ಹರಿಗೋಲಿಗೆ ಜನ, ಕುದುರೆ ತುಂಬಿಸಿದ್ದ. ಅದು ನಡುಹೊಳೆಯಲ್ಲಿ ಮುಳುಗಿತು. ಹುಟ್ಟು ಹಾಕುತ್ತಿದ್ದ ಬೊಮ್ಮನ ಅಣ್ಣನೂ ನೀರುಪಾಲಾದ. ತಿಳಿದವನ ಕೈಗೇ ಕಡವು ಹೋಗಬೇಕೆಂದು ರಾಜಕುಮಾರಿ ಅಂದಿನಿಂದ ಹಟ ಹಿಡಿದಿದ್ದಳು.

“ತಲೆ ಹೋಗೋ ಮಾತು ಮಗ,” ಎಂದಳು ತಾಯಿ ನಿಂಗವ್ವ.

“ಹೊಳೆ ಮೇಲೂ ದಿನಾ ಅದೇ ಮಾತಲ್ವೇನವ್ವ,” ಎಂದು ಬೊಮ್ಮ ಹೊರಟ.

ಅರಮನೆಯ ಅಂಗಳದಲ್ಲಿ ರಂಗೋಲಿಯ ಚುಕ್ಕಿಗಳನ್ನು ಸಾಲಾಗಿ ಇಟ್ಟಿದ್ದರು. ಕೆಳಗಿನ ಎಡಮೂಲೆಯ ಚುಕ್ಕಿಯಿಂದ ಬಲಕ್ಕೆ ಸರಿದರೆ ಚುಕ್ಕಿಗೊಂದು ಕುದುರೆ, ಮೇಲಕ್ಕೆ ಸರಿದರೆ ಚುಕ್ಕಿಗೊಬ್ಬ ಆಳು.

“ನನ್ನ ಹರಿಗೋಲು ಅಂಬಿಗನನ್ನು ಬಿಟ್ಟು ಇಪ್ಪತ್ತನಾಲ್ಕು ಆಳಿನ ಭಾರ ಹೊರುತ್ತದೆ,” ಎಂದಳು ರಾಜಕುಮಾರಿ. “ಒಂದು ಕುದುರೆ ಆರು ಆಳಿನ ತೂಕ. ಎಷ್ಟು ಕುದುರೆ, ಎಷ್ಟು ಆಳು ದಾಟಬಹುದು? ಉತ್ತರವನ್ನೆಲ್ಲ ಇಲ್ಲಿ ತೋರಿಸಬೇಕು.”

ಮೊದಲು ಬಂದ ಪಾಳೆಯಗಾರನ ಮಗ ನಾಲ್ಕನೆಯ ಕುದುರೆಯ ಚುಕ್ಕಿಯ ಮೇಲೆ ನಿಂತು, “ನಾಲ್ಕು ಕುದುರೆ,” ಎಂದ.

“ಅದು ಸರಿ. ಮಿಕ್ಕವು?”

ಅವನು ಮತ್ತೆ ಅದೇ ಚುಕ್ಕಿ ತೋರಿಸಿದ. ಅವನ ತಲೆ ಹೋಯಿತು.

ಎರಡನೆಯವನು ಪಂಡಿತ. ನಾಲ್ಕು ಕುದುರೆಯ ಚುಕ್ಕಿಯಿಂದ ಇಪ್ಪತ್ತನಾಲ್ಕು ಆಳಿನ ಚುಕ್ಕಿಗೆ ನೇರ ದಾರ ಎಳೆದು, “ಈ ದಾರದ ಮೇಲಿರುವುದೆಲ್ಲ ಉತ್ತರ,” ಎಂದ.

“ಹಾಗಾದರೆ ಒಬ್ಬನೇ ಹತ್ತಿದರೆ ಮುಳುಗುತ್ತದೆಯೆ?”

ಅವನ ತಲೆಯೂ ಹೋಯಿತು. ಹೊರಗೆ ಕಾದಿದ್ದವರಲ್ಲಿ ಕೆಲವರು ಸದ್ದಿಲ್ಲದೆ ಮನೆಗೆ ನಡೆದರು.

ಬೊಮ್ಮ ದಾರವನ್ನು ಹಾಗೇ ಬಿಟ್ಟ. ಹಿಡಿ ತುಂಬ ರಂಗೋಲಿಪುಡಿ ತೆಗೆದುಕೊಂಡು, ದಾರದಿಂದ ಮೂಲೆಯವರೆಗಿನ ಜಾಗವನ್ನೆಲ್ಲ ಬೆಳ್ಳಗೆ ಮಾಡಿದ. “ಇದರೊಳಗಿನ ಯಾವ ಚುಕ್ಕಿ ಆದರೂ ದಾಟ್ತದೆ, ಅಮ್ಮಣ್ಣಿ. ದಾರದ ಆಚೆಯದು ಒಂದೂ ದಾಟೋದಿಲ್ಲ.”

ಅವಳು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. “ಬೇಸಿಗೆಯಲ್ಲಿ ಈ ದಾರದ ಗೆರೆಯ ಮೇಲೆ ನಿಂತವನು ಬದುಕುತ್ತಾನೆ. ಮಳೆಗಾಲದಲ್ಲಿ ಅಲ್ಲೇ ನಿಂತವನು ಸಾಯುತ್ತಾನೆ. ಗೆರೆ ಕದಲಿಲ್ಲ. ಆ ಭೇದವನ್ನು ಹೇಗೆ ಬರೆಯುವೆ?”

ಬೊಮ್ಮ ದಾರದ ಪಕ್ಕ ಕುಳಿತು ಮತ್ತೆ ಹಿಡಿ ಪುಡಿ ತೆಗೆದುಕೊಂಡ. “ಬೇಸಿಗೆ ನೀರಿಗೆ ಸೆಳೆತ ಇರೋದಿಲ್ಲ, ಇಪ್ಪತ್ತನಾಲ್ಕರವರೆಗೂ ಹೇರಬಹುದು. ಗೆರೆಯೂ ನಮ್ಮದೇ. ಅದನ್ನು ಬಿಡದೆ ಎಳೀತೀನಿ. ಪ್ರವಾಹದಲ್ಲಿ ಇಪ್ಪತ್ತನಾಲ್ಕಕ್ಕಿಂತ ಕಡಿಮೆಯೇ ಇರಬೇಕು. ಆಗ ಗೆರೆ ನಮ್ಮದಲ್ಲ, ಬರೀ ಬೇಲಿ. ಅದನ್ನು ತುಂಡು ತುಂಡಾಗಿ ಎಳೀತೀನಿ.” ಪಕ್ಕದಲ್ಲಿ ಎರಡನ್ನೂ ಎಳೆದು ತೋರಿಸಿದ.

ರಾಜಕುಮಾರಿ ಪುಡಿಯನ್ನೆಲ್ಲ ಗುಡಿಸಿಸಿದಳು. ದಾರ ಮಾತ್ರ ಉಳಿಯಿತು. “ಈಗ ಹೊಳೆಗೆ ಎದುರಾಗಿ ಸರಕಿನ ದೋಣಿಯೊಂದನ್ನು ಎಳೆಯಬೇಕು. ಇಪ್ಪತ್ತನಾಲ್ಕು ಆಳಿನ ಬಲವಾದರೂ ಬೇಕು, ಹೆಚ್ಚಾದರೆ ತೊಂದರೆಯಿಲ್ಲ. ಇಲ್ಲಿಯೂ ಒಂದು ಕುದುರೆ ಆರು ಆಳಿಗೆ ಸಮ. ದಾರ ಅದೇ. ಯಾವ ಮಗ್ಗುಲು ಉತ್ತರ? ಒಂದೇ ಚುಕ್ಕಿ ತುಳಿದು ರುಜುವಾತು ಮಾಡಬೇಕು.”

ಬೊಮ್ಮ ಎದ್ದು ಹೋಗಿ ಮೂಲೆಯ ಚುಕ್ಕಿಯ ಮೇಲೆ ನಿಂತ. ಕುದುರೆಯೂ ಇಲ್ಲದ, ಆಳೂ ಇಲ್ಲದ ಚುಕ್ಕಿ ಅದು. ಸಭೆಯಲ್ಲಿ ನಗು ಹರಿಯಿತು. ತಲೆ ಕಡಿಯಲು ನಿಂತಿದ್ದ ಕಟುಕ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. ಬೊಮ್ಮ ಚುಕ್ಕಿಯಿಂದ ಕಾಲು ಕೀಳಲಿಲ್ಲ.

“ಯಾರೂ ಎಳೆಯದಿದ್ರೆ ದೋಣಿ ಬರ್ತದಾ ಅಮ್ಮಣ್ಣಿ? ಬರೋದಿಲ್ಲ. ಈ ಚುಕ್ಕಿ ಸುಳ್ಳು ಅಂದಮೇಲೆ ಇದರ ಮಗ್ಗುಲಿನದೆಲ್ಲ ಸುಳ್ಳೇ. ಸುಳ್ಳು ನಿಜ ಆಗೋದು ಗೆರೆ ಮುಟ್ಟಿದಾಗ ಮಾತ್ರ. ಉತ್ತರ ಆಚೆ ಮಗ್ಗುಲು, ಗೆರೆಯೂ ಸೇರಿ.”

ಅವಳು ಮಾಲೆಯನ್ನು ತಾನೇ ಎತ್ತಿಕೊಂಡು ಬಂದಳು.

ಮದುವೆಯಾದ ಬೇಸಿಗೆಯಲ್ಲಿ ದೊರೆ ಪರಿವಾರದೊಡನೆ ಹೊಳೆ ದಾಟಲು ಬಂದ. ಹರಿಗೋಲಿಗೆ ಮೂರು ಕುದುರೆ ಹತ್ತಿದವು. ದೊರೆಯೂ ಸೇರಿ ಏಳು ಮಂದಿ ಹತ್ತಿದರು. ಬೊಮ್ಮ ಹುಟ್ಟು ಮುಟ್ಟಲಿಲ್ಲ.

“ಇಪ್ಪತ್ತೈದಾಯ್ತು, ಒಬ್ಬರು ಇಳೀಬೇಕು ಬುದ್ಧಿ.”

ಮಂತ್ರಿಗಳು ಆಕಾಶ ನೋಡಿದರು. ಯಾರೂ ಕದಲಲಿಲ್ಲ. ದೊರೆ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಪಂಚೆ ಎತ್ತಿಕೊಂಡು ನೀರಿಗಿಳಿದು, ದಂಡೆಯಲ್ಲಿ ಮುಂದಿನ ಸರದಿಗೆ ಕಾದು ನಿಂತ.