ಬೇಗ ಭಗ್ಗೆಂದ ತಂಗಿ

ಒಂದೇ ಡ್ರಮ್ಮಿನಲ್ಲಿ ಹುಟ್ಟಿದ ಎರಡು ಎಂಜಿನ್ ಆಯಿಲ್‌ಗಳ ಸುದ್ದಿ ಇದು, ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡಿ. ತಂಗಿ ಆರು ತಿಂಗಳ ಹಿಂದೆಯೇ ಲಾರಿ ಎಂಜಿನ್ನಿನ ಮನೆ ತುಂಬಿದ್ದಳು. ಅಕ್ಕ ಇನ್ನೂ ತವರಿನ ಡಬ್ಬಿಯಲ್ಲೇ ಕೂತಿದ್ದಳು.

ಅಂದು ಲಾರಿ ಶೆಡ್ಡಿನಲ್ಲಿ ಮೌಲಪ್ಪ ಮೇಸ್ತ್ರಿ ತಂಗಿಯನ್ನು ಎಂಜಿನ್ನಿನಿಂದ ಇಳಿಸಿದ. ಇಬ್ಬರಿಂದಲೂ ಒಂದೊಂದು ಬಟ್ಟಲು ತೆಗೆದು ಕಾಯಿಸಿ, ಮೇಲೆ ಸಣ್ಣ ಉರಿ ಆಡಿಸಿದ. ಬೇಗ ಭಗ್ಗೆಂದು ಹೊತ್ತಿಕೊಂಡವಳು ಕೆಟ್ಟವಳು ಎಂಬುದು ಶೆಡ್ಡಿನ ಮಾತು. ಅಕ್ಕ ಇನ್ನೂರ ಮೂವತ್ತು ಡಿಗ್ರಿಯವರೆಗೂ ಗಂಭೀರವಾಗಿದ್ದಳು. ತಂಗಿ ನೂರಾ ಎಂಬತ್ತಕ್ಕೇ ಭಗ್ಗೆಂದಳು.

"ಮಾನಗೇಡಿ! ಯಾವನ ಸಹವಾಸ ಮಾಡಿ ಬಂದೆಯೇ?" ಎಂದಳು ಅಕ್ಕ.

"ಡೀಸೆಲ್ಲನದು, ಅಕ್ಕಾ. ನಾನು ಕರೆಯಲಿಲ್ಲ. ಸೋರುವ ಬಾಗಿಲಿಂದ ಅವನೇ ಹನಿಹನಿಯಾಗಿ ಒಳಗೆ ಬಂದ."

"ಎಲ್ಲರೂ ಹೀಗೇ ಹೇಳುತ್ತಾರೆ. ನನ್ನನ್ನು ನೋಡಿ ಕಲಿ."

"ಮುಚ್ಚಳ ಹಾಕಿದ ಡಬ್ಬಿಯೊಳಗೆ ನಿನ್ನನ್ನು ಕೆಡಿಸಲು ಯಾರು ಬರಬೇಕು, ಅಕ್ಕಾ?"

ಅಷ್ಟರಲ್ಲಿ ಮೇಸ್ತ್ರಿ, "ಎಣ್ಣೆಯದೇನೂ ತಪ್ಪಿಲ್ಲ, ಡೀಸೆಲ್ ಚಿಮ್ಮಿಸುವ ನಾಜಲ್ ಸೋರುತ್ತಿದೆ. ಇದು ಬೇಗ ಭಗ್ಗೆನ್ನದಿದ್ದರೆ ಸೋರಿಕೆ ಗೊತ್ತಾಗದೆ ಎಂಜಿನ್ನೇ ಹೋಗುತ್ತಿತ್ತು" ಎಂದು ನಾಜಲ್ ಬದಲಾಯಿಸಿದ. ಆಮೇಲೆ ಅಕ್ಕನ ಡಬ್ಬಿ ಎತ್ತಿಕೊಂಡು ಅದೇ ಎಂಜಿನ್ನಿನ ಕಡೆ ನಡೆದ.

ಅಕ್ಕನ ದನಿ ಇಳಿಯಿತು. "ತಂಗೀ, ಆ ಮನೆ ಹೇಗಿದೆಯೇ? ನನಗೆ ಭಯವಾಗುತ್ತಿದೆ."

"ಬಿಸಿ ಇದೆ, ಮಸಿ ಇದೆ. ಬಾಗಿಲು ಮಾತ್ರ ಭದ್ರ ಮಾಡಿಸಿದ್ದೇನೆ. ಹೋಗಿ ಬಾ, ಅಕ್ಕಾ" ಎಂದಳು ತಂಗಿ.