ಒಡವೆಗಳ ನಡುವಿನ ಜಾಗ

ಅರಮನೆಯ ಚಿತ್ರಗಾರ ಕೊಂಡಯ್ಯನವರಿಗೆ ಮುದ್ದರಂಗನೆಂಬ ಶಿಷ್ಯನಿದ್ದ. ಏಳು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ದೇವರ ಒಡವೆಗಳನ್ನು ಸಫೇದವೆಂಬ ಬಿಳಿಪುಡಿಯ ಲೇಪದಲ್ಲಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವುದು.

ದೇವರ ಮುಖ ಮಾತ್ರ ಗುರುಗಳೇ ಬರೆಯುತ್ತಿದ್ದರು. ಮುಖ ಬರೆಯುವವನಿಗೆ ದೇವರು ಕಾಣುತ್ತಾನೆ ಎಂದು ಯಾರೋ ಹೇಳಿದ್ದನ್ನು ನಂಬಿಯೇ ಮುದ್ದರಂಗ ಮನೆ ಬಿಟ್ಟು ಬಂದಿದ್ದ. ಚಿನ್ನ ಹಚ್ಚುವಾಗಲೂ ಅವನ ಕಣ್ಣು ಗುರುಗಳ ಕುಂಚದ ಮೇಲೇ ಇರುತ್ತಿತ್ತು.

ಎಂಟನೆಯ ವರ್ಷ ದೊರೆಯ ತಾಯಿ ಗೇಣುದ್ದದ ಬಾಲಕೃಷ್ಣನ ಚಿತ್ರ ಬೇಕೆಂದು ಹೇಳಿಕಳಿಸಿದರು. ಮುಖವನ್ನೂ ನೀನೇ ಬರಿ ಎಂದರು ಗುರುಗಳು.

ಮುದ್ದರಂಗ ಮೂರು ತಿಂಗಳು ಬರೆದ. ಮುಖಕ್ಕೇ ಒಂದು ತಿಂಗಳು ಹಿಡಿಯಿತು. ಕೃಷ್ಣ ಕಂಡನೇ ಎಂದರೆ, ಕಂಡ ಹಾಗಿತ್ತು. ಅಷ್ಟಕ್ಕೇ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ತಾಯಿಗೆ ಕಣ್ಣು ಹೋಗಿ ಎರಡು ವರ್ಷವಾಗಿದೆ ಎಂದು ಗೊತ್ತಾದದ್ದು ಅವರೆದುರು ನಿಂತಾಗಲೇ. ಗುರುಗಳು ಹೇಳಿರಲಿಲ್ಲ.

ಅವರು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಕಾಲಂದುಗೆ, ಉಡಿದಾರ, ಹುಲಿಯುಗುರು, ಕಿರೀಟ, ಒಂದೊಂದರ ಹೆಸರನ್ನೂ ಹೇಳುತ್ತ ಹೋದರು. ಆಮೇಲೆ ಬೆರಳು ಹಾರಕ್ಕೂ ಕಿರೀಟಕ್ಕೂ ನಡುವೆ ಬಂದು ತಡಕಾಡಿತು. ಮುಖವನ್ನು ಉಬ್ಬಿಸುವ ಪದ್ಧತಿಯಿಲ್ಲ, ಅದು ಬರೀ ಬಣ್ಣ. ಬೆರಳಿಗೆ ಸಿಕ್ಕಿದ್ದು ನುಣ್ಣನೆಯ ಕಾಗದ.

"ಒಡವೆಯೆಲ್ಲ ಬಂದಿದೆಯಪ್ಪ. ಮಗು ಎಲ್ಲಿ?" ಎಂದರು.

ಮುದ್ದರಂಗ ತಿದ್ದಿ ತರುತ್ತೇನೆಂದು ಚಿತ್ರವನ್ನು ಎತ್ತಿಕೊಂಡು ಬಂದ.

ಆ ತಾಯಿ ಕೇಳಿದ್ದನ್ನು ಹೇಳಿ, ಮುಖವನ್ನೂ ಉಬ್ಬಿಸುತ್ತೇನೆ, ಅಪ್ಪಣೆ ಕೊಡಿ ಎಂದು ಗುರುಗಳ ಕಾಲು ಹಿಡಿದ. ಬೇಡ ಎನ್ನುತ್ತಾರೆಂದು ಹೆದರಿದ್ದ. ಅವರು ಬೇರೊಂದು ಕಾಗದದ ಮೇಲೆ ಮಾಡಿ ನೋಡು ಎಂದಷ್ಟೇ ಹೇಳಿದರು.

ಹದಿನೈದು ದಿನ ಕೂತು ಹಣೆ, ಮೂಗು, ಕೆನ್ನೆ, ತುಟಿಗಳನ್ನು ಉಬ್ಬಿಸಿದ. ಒಣಗಿದ ಮೇಲೆ ಗುರುಗಳು ತಮ್ಮ ಹೆಗಲ ಮೇಲಿನ ಬಟ್ಟೆಯನ್ನು ಅವನ ಕಣ್ಣಿಗೆ ಕಟ್ಟಿದರು.

"ಮುಟ್ಟಿ ಹೇಳು."

"ಹಣೆ. ಮೂಗು. ಇದು ಕೆನ್ನೆ."

"ಆಮೇಲೆ?"

"ತುಟಿ."

"ಕೃಷ್ಣ?"

ಮುದ್ದರಂಗನ ಬೆರಳು ಮತ್ತೆ ಹಣೆಗೆ ಹೋಯಿತು, ತುಟಿಗೆ ಬಂತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಿಗಲಿಲ್ಲ, ಗುರುಗಳೇ."

ಗುರುಗಳು ಬಟ್ಟೆ ಬಿಚ್ಚಿದರು. ಅವನು ಮೊದಲು ಬರೆದಿದ್ದ ಚಿತ್ರವನ್ನು ತಂದು ಮುಂದಿಟ್ಟರು. "ಈಗ ನೋಡಿ ಹೇಳು."

ನೋಡಿದ. ಒಂದು ತಿಂಗಳು ಉಸಿರು ಬಿಗಿಹಿಡಿದು ಬರೆದ ಮುಖ ಅದು. ಹಣೆ ಇತ್ತು, ಮೂಗು ಇತ್ತು, ಕೆನ್ನೆ ಇತ್ತು. ಎಷ್ಟು ಹೊತ್ತು ನೋಡಿದರೂ ಅಷ್ಟೇ ಇತ್ತು. ಮುದ್ದರಂಗನಿಗೆ ಅಳು ಬಂತು. ಇಷ್ಟು ದಿನ ಹತ್ತಿರ ಬಂದೆನೆಂದುಕೊಂಡಿದ್ದವನು ಮನೆ ಬಿಟ್ಟ ದಿನಕ್ಕಿಂತ ದೂರದಲ್ಲಿದ್ದ.

ಏಳು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೊನೆಗೂ ಕೇಳಿದ. "ನಿಮಗಾದರೂ ಕಂಡಿದ್ದಾನೆಯೇ?"

ಕೊಂಡಯ್ಯನವರು ಆ ಮೊದಲ ಚಿತ್ರಕ್ಕೆ ರೇಷ್ಮೆ ವಸ್ತ್ರ ಸುತ್ತಿ ಅವನ ಕೈಗಿಟ್ಟರು. ಇದನ್ನು ಹೀಗೇ ಒಯ್ದು ಆ ತಾಯಿಗೆ ಕೊಡು ಎಂದರು.

"ತಿದ್ದಲೇ ಇಲ್ಲವಲ್ಲ. ಅವರಿಗೆ ಏನು ಹೇಳಲಿ?"

"ಏನೂ ಹೇಳಬೇಡ. ಮಗು ಎಲ್ಲಿ ಅಂತ ಇನ್ನೊಂದು ಸಲ ಕೇಳ್ತಾರೆ, ಕೇಳಿಸಿಕೊಂಡು ಬಾ. ಐವತ್ತು ವರ್ಷ ಮುಖ ಬರೆದೆ ಕಣೋ, ಎಲ್ಲಿ ಅಂತ ಹಾಗೆ ಕೇಳೋದು ನನಗೆ ಮರೆತೇ ಹೋಗಿತ್ತು."